ಎಕ್ಸ್‌ರೇ ಬೆಲ್ಟಿನ ಮೇಲೊಂದು ರಟ್ಟಿನ ಶಾಲೆ

ಫ್ರಾಂಕ್‌ಫರ್ಟಿಗೆ ಬಂದ ಹೊಸತರಲ್ಲಿ ಒಬ್ಬ ಪ್ಯಾಲೆಸ್ಟೀನಿ ಹುಡುಗಿಯ ಜೊತೆ ಫ್ಲ್ಯಾಟ್ ಹಂಚಿಕೊಂಡಿದ್ದೆ. ಅವಳು ಆಸ್ಪತ್ರೆಯ ಲ್ಯಾಬ್‌ನಲ್ಲಿದ್ದಳು, ನಾನು ಬ್ಯಾಂಕಿನ ಸಾಫ್ಟ್‌ವೇರ್ ಬರೆಯುವ ಕಂಪನಿಯಲ್ಲಿ. ಅವಳ ಚಹಾಕ್ಕೆ ಪುದೀನ, ನನ್ನ ಚಹಾಕ್ಕೆ ಹಾಲು. ಒಬ್ಬರದನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಆದರೂ ಬೆಳಿಗ್ಗೆ ಒಂದೇ ಮೇಜಿನ ಮುಂದೆ ಕೂರುತ್ತಿದ್ದೆವು.

ಆ ಹೊತ್ತಿಗೆ ಅವಳ ತಂಗಿಯ ವಿಡಿಯೋ ಕಾಲ್ ಬರುತ್ತಿತ್ತು. ತಂಗಿ ವೆಸ್ಟ್ ಬ್ಯಾಂಕಿನ ತಮ್ಮೂರಿನಲ್ಲೇ ಇದ್ದುಕೊಂಡು ಆರ್ಕಿಟೆಕ್ಚರ್ ಓದುತ್ತಿದ್ದಳು. ಮನೆಗೂ ಕಾಲೇಜಿಗೂ ನಡುವೆ ಇಸ್ರೇಲಿ ಸೈನ್ಯದ ಚೆಕ್‌ಪಾಯಿಂಟ್. ದಿನಾ ಅಲ್ಲಿ ಸಾಲಿನಲ್ಲಿ ನಿಂತಾಗ ಹೊತ್ತು ಕಳೆಯಲು ಅಕ್ಕನಿಗೆ ಫೋನ್ ಮಾಡುತ್ತಿದ್ದಳು. ಅವರ ಅಪ್ಪ ಗಾರೆ ಕೆಲಸದವರು. ಅವರು ಬೆಳಕು ಹರಿಯುವ ಮೊದಲೇ ಅದೇ ಗೇಟು ದಾಟಿ ಹೋಗಿರುತ್ತಿದ್ದರು. ಕೂಲಿಯವರ ನೂಕುನುಗ್ಗಲಿನಲ್ಲಿ ಕಬ್ಬಿಣದ ಸರಳಿಗೆ ಒತ್ತಿ ಒಮ್ಮೆ ಅವರ ಪಕ್ಕೆಲುಬು ಮುರಿದಿತ್ತಂತೆ. ಆ ದಿನವೂ ಕೆಲಸ ಮುಗಿಸಿಕೊಂಡೇ ಮನೆಗೆ ಬಂದಿದ್ದರಂತೆ.

ನನ್ನ ಹೆಸರು ತಂಗಿಯ ಬಾಯಿಗೆ ಒಗ್ಗಲಿಲ್ಲ. "ಇಂಡಿಯಾ, ಇವತ್ತೇನು ತಿಂಡಿ?" ಎನ್ನುತ್ತಿದ್ದಳು. ನಾನು ಉಪ್ಪಿಟ್ಟಿನ ತಟ್ಟೆ ಎತ್ತಿ ತೋರಿಸುತ್ತಿದ್ದೆ. ಅವಳ ಹಿಂದೆ ತಗಡಿನ ಛಾವಣಿ, ತಿರುಗುವ ಕಬ್ಬಿಣದ ಗೇಟು, ಒಬ್ಬರ ಬೆನ್ನಿಗೆ ಇನ್ನೊಬ್ಬರು ಅಂಟಿಕೊಂಡು ನಿಂತ ಜನ. ಗೇಟು ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಎಂದು ಅಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಕೊನೆಯ ವರ್ಷದ ಪರೀಕ್ಷೆಗೆ ಅವಳು ಒಂದು ಶಾಲೆಯ ಮಾದರಿ ಮಾಡಿದಳು. ರಟ್ಟಿನ ಗೋಡೆ, ತೆಳು ಮರದ ಕಿಟಕಿ, ಮಧ್ಯೆ ಅಂಗಳ, ಅಂಗಳದಲ್ಲಿ ಒಣಗಿದ ಹುಲ್ಲಿನ ಕಡ್ಡಿಯಿಂದ ಮಾಡಿದ ಮರಗಳು. ಛಾವಣಿ ಎತ್ತಿದರೆ ಒಳಗಿನ ಕೋಣೆಗಳೆಲ್ಲ ಕಾಣುತ್ತಿದ್ದವು. ವಾರಗಟ್ಟಲೆ ನಾವು ಚಹಾ ಕುಡಿಯುತ್ತ ಆ ಶಾಲೆ ಏಳುವುದನ್ನು ನೋಡಿದ್ದೆವು.

ಪರೀಕ್ಷೆಯ ದಿನ ಅದನ್ನು ದೊಡ್ಡ ಪೆಟ್ಟಿಗೆಯಲ್ಲಿ ಎದೆಗೆ ಅವಚಿಕೊಂಡು ಸಾಲಿನಲ್ಲಿ ನಿಂತಿದ್ದಳು. ಮುಂದಿದ್ದವರು ಪೆಟ್ಟಿಗೆಗೆ ತಾಗದಂತೆ ಜಾಗ ಬಿಡುತ್ತಿದ್ದರು. ಅವಳ ಸರದಿ ಬಂತು. ಪೆಟ್ಟಿಗೆಯನ್ನು ಎಕ್ಸ್‌ರೇ ಬೆಲ್ಟಿನ ಮೇಲೆ, ಫೋನನ್ನು ಪಕ್ಕದ ತಟ್ಟೆಯಲ್ಲಿ ಇಟ್ಟಳು. ಕಾಲ್ ಕಟ್ ಮಾಡಲು ಮರೆತಳು. ನಮಗೆ ಬರೀ ತಗಡಿನ ಛಾವಣಿ ಕಾಣಿಸುತ್ತಿತ್ತು, ಮಾತು ಕೇಳಿಸುತ್ತಿತ್ತು. ಸೈನಿಕನೊಬ್ಬನ ಮುರುಕು ಅರಬ್ಬಿಯನ್ನೂ ತಂಗಿಯ ಉತ್ತರವನ್ನೂ ನನ್ನ ಗೆಳತಿ ಪಿಸುದನಿಯಲ್ಲಿ ನನಗೆ ಹೇಳುತ್ತ ಹೋದಳು.

"ಇದೇನು?"

"ಶಾಲೆ. ಕಾಲೇಜಿನ ಕೆಲಸ."

"ತೆಗಿ."

"ತೆಗೆದಿದ್ದೀನಿ. ನೋಡಿ, ಒಳಗೆ ಏನೂ ಇಲ್ಲ."

"ಗೋಡೆಯೊಳಗೆ ಏನಿದೆ?"

"ರಟ್ಟು."

"ಹರಿದು ತೋರಿಸು."

ಆಮೇಲೆ ರಟ್ಟು ಹರಿಯುವ ಸದ್ದು. ಒಂದು ಗೋಡೆ ಆಯಿತು. "ಅದೂ" ಅಂದ. ಇನ್ನೊಂದು. "ಅದೂ." ಪಕ್ಕದಲ್ಲಿದ್ದವನು ಏನೋ ಅಂದ, ಇಬ್ಬರೂ ನಕ್ಕರು. ಎಲ್ಲ ಮುಗಿದ ಮೇಲೆ, "ಈಗ ಜೋಡಿಸು, ನೀನು ಇಂಜಿನಿಯರ್ ಅಲ್ಲವಾ?" ಅಂದ.

ಅಷ್ಟರಲ್ಲಿ ಅವನ ಕಣ್ಣು ಫೋನಿನ ಮೇಲೆ ಬಿತ್ತು. ಎತ್ತಿಕೊಂಡ. ನಮ್ಮ ಅಡುಗೆಮನೆಯ ಮೇಜಿನ ಮೇಲೆ ಅವನ ಮುಖ ಬಂತು. ಚಿಕ್ಕ ವಯಸ್ಸು, ಗಲ್ಲದ ತುಂಬ ಮೊಡವೆ.

"ಯಾರು ನೀನು?" ಇಂಗ್ಲಿಷಿನಲ್ಲಿ ಕೇಳಿದ.

"ಅವಳ ಅಕ್ಕ. ಜರ್ಮನಿಯಲ್ಲಿದ್ದೀನಿ."

"ಜರ್ಮನಿ ಚೆನ್ನಾಗಿದೆಯಾ?" ಬಸ್ಸಿನಲ್ಲಿ ಪಕ್ಕ ಕೂತವನು ಕೇಳುವ ಹಾಗೆ ಕೇಳಿದ.

"ಚೆನ್ನಾಗಿದೆ."

"ಹಾಗಾದರೆ ಅಲ್ಲೇ ಇರು."

ಫೋನ್ ಕಟ್ ಆಯಿತು.

ಮತ್ತೆ ಮಾಡಿದರೆ ಸ್ವಿಚ್ ಆಫ್. ಗೆಳತಿ ಲೋಟ ತೊಳೆದಿಟ್ಟು, ಕೋಟು ಹಾಕಿಕೊಂಡು ಕೆಲಸಕ್ಕೆ ಹೊರಟಳು. "ರಜಾ ಹಾಕು" ಅಂದೆ. "ಏನಂತ ಹೇಳಿ ಹಾಕಲಿ?" ಅಂದಳು. ಟ್ರಾಮ್ ಸ್ಟಾಪಿನವರೆಗೆ ಜೊತೆಗೆ ನಡೆದೆವು. ಮಧ್ಯಾಹ್ನ ಆಫೀಸಿನ ಕ್ಯಾಂಟೀನಿನಲ್ಲಿ ಪಕ್ಕದ ಸಹೋದ್ಯೋಗಿಗೆ ನಡೆದದ್ದನ್ನು ಹೇಳಿದೆ. ಆತ ಕೇಡಿಗನಲ್ಲ, ನನಗೆ ಹುಷಾರಿಲ್ಲದಾಗ ಔಷಧಿ ತಂದುಕೊಟ್ಟವನು. "ಏನೋ ಸೆಕ್ಯುರಿಟಿ ಕಾರಣ ಇರಬೇಕು. ಏರ್‌ಪೋರ್ಟಿನಲ್ಲಿ ನನ್ನ ಶಾಂಪೂನೂ ಎಸೆದುಬಿಟ್ಟರು" ಅಂದ. ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಸಂಜೆ ತಂಗಿ ಮನೆಯಿಂದ ಫೋನ್ ಮಾಡಿದಳು. ಅವಳನ್ನು ದಾಟಲು ಬಿಡಲಿಲ್ಲವಂತೆ. "ಇವತ್ತು ಸ್ಟೂಡೆಂಟ್ಸ್‌ನ ಬಿಡಲ್ಲ" ಎಂದು ಬಿಸಿಲಲ್ಲಿ ಒಂದು ಮೂಲೆಯಲ್ಲಿ ನಿಲ್ಲಿಸಿ, ಮಧ್ಯಾಹ್ನ ಕಳೆದ ಮೇಲೆ ವಾಪಸ್ ಕಳಿಸಿದರಂತೆ. ಹರಿದ ರಟ್ಟನ್ನೆಲ್ಲ ಅವಳ ಕೈಯಲ್ಲೇ ಗುಡಿಸಿಸಿದರಂತೆ. ಇಷ್ಟನ್ನೂ ಅವಳು ಅಳದೆ ಹೇಳಿದಳು. ಹಿಂದಿನಿಂದ ಅಪ್ಪನ ದನಿ ಕೇಳಿಸಿತು: "ಅದನ್ನು ಕಟ್ಟಿಕೊಂಡು ಯಾಕೆ ಹೋಗಬೇಕಿತ್ತು? ಬಿಡಿ ಬಿಡಿಯಾಗಿ ತಗೊಂಡು ಹೋಗಿ ಅಲ್ಲೇ ಅಂಟಿಸೋಕೆ ಆಗ್ತಿರಲಿಲ್ಲವಾ? ಇಷ್ಟು ವರ್ಷ ದಾಟಿದ್ದೀಯ, ಬುದ್ಧಿ ಬೇಡವಾ?" ಆಗ ಅವಳು ಅತ್ತಳು. ನನ್ನ ಗೆಳತಿ ಅಪ್ಪನ ಮೇಲೆ ಕೂಗಾಡಿದಳು. ಆಮೇಲೆ ಗೇಟಿನ ಸುದ್ದಿ ಬಿಟ್ಟು ಅಪ್ಪ ಮಗಳ ಜಗಳವೇ ದೊಡ್ಡದಾಗಿ, ಅಮ್ಮ ಬಂದು ಫೋನ್ ಕಿತ್ತುಕೊಂಡರು.

ಕಾಲೇಜಿನವರು ಬೇರೆ ದಿನ ಕೊಟ್ಟರು. ಅವಳು ಅಪ್ಪ ಹೇಳಿದ ಹಾಗೆಯೇ ಮಾಡಿದಳು. ಗೋಡೆಗಳನ್ನು ಚಪ್ಪಟೆಯಾಗಿ ಕತ್ತರಿಸಿ ಗೆಳತಿಯರ ಬ್ಯಾಗುಗಳಲ್ಲಿ ಹಂಚಿದಳು. ಆ ದಿನ ಗೇಟಿನಲ್ಲಿ ಬೇರೊಬ್ಬ ಸೈನಿಕ ಇದ್ದ. ಬ್ಯಾಗನ್ನೂ ನೋಡದೆ ಕೈ ಬೀಸಿ ಒಳಗೆ ಬಿಟ್ಟ. ಹಾಗೆ ಬಿಟ್ಟದ್ದಕ್ಕೇ ಹೆಚ್ಚು ನೋವಾಯಿತು ಎಂದು ಅಕ್ಕನಿಗೆ ಹೇಳಿದಳಂತೆ. ಅಂಟು ಒಣಗದ ಶಾಲೆ ಪರೀಕ್ಷಕರ ಮುಂದೆ ಒಂದು ಕಡೆ ವಾಲಿಕೊಂಡಿತ್ತು. ಆದರೂ ಪಾಸು ಮಾಡಿದರು.

ಗೇಟಿನಾಚೆ ನಗರದ ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಹೋಗಲಿಲ್ಲ. ಈಗ ಊರಿನಲ್ಲೇ ಸಣ್ಣ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ನೆಮ್ಮದಿಯಾಗಿದ್ದೀನಿ, ಬೆಳಿಗ್ಗೆ ತಡವಾಗಿ ಏಳ್ತೀನಿ ಎನ್ನುತ್ತಾಳೆ. ಅಪ್ಪ ಮಾತ್ರ ಇನ್ನೂ ದಿನಾ ಆ ಗೇಟು ದಾಟುತ್ತಾರೆ.