ಕಟಿಂಗ್ ಮೆಷಿನ್‌ಗೆ ನಾನು ಕೊಟ್ಟ ಸ್ವಾತಂತ್ರ್ಯ

ಕೈ ಉಳಿಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೊನೆಯವರೆಗೆ ಮುಚ್ಚಿಟ್ಟುಕೊಂಡು ಹೇಳುವಷ್ಟು ಧೈರ್ಯ ನನಗಿಲ್ಲ. ಭದ್ರಾವತಿಯ ಓಲ್ಡ್ ಟೌನ್‌ನ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಒಬ್ಬ ಹೆಂಗಸಿನ ಬಲಗೈ ನನ್ನ ಜಾಣತನದ ದೆಸೆಯಿಂದ ಕಾಗದ ಕತ್ತರಿಸುವ ಕತ್ತಿಯ ಕೆಳಗೆ ಸಿಕ್ಕಿಕೊಳ್ಳಬೇಕಿತ್ತು. ನನ್ನ ಯಾವ ಸಹಾಯವೂ ಇಲ್ಲದೆ ಹೊರಗೆ ಬಂತು. ಆಗ ನಾನು ಎರಡು ಮಾರು ದೂರದಲ್ಲಿ ನಿಂತು ವಿಡಿಯೋ ಮಾಡುತ್ತಿದ್ದೆ.

ನಾನು ಶಿವಮೊಗ್ಗದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಸಂಬಳ ಅದಕ್ಕೆ. ಉಳಿದ ಹೊತ್ತಿನಲ್ಲಿ ಮುಕ್ತ ತಂತ್ರಾಂಶದ ಪ್ರಚಾರ. ಅಂದರೆ, ನಮ್ಮ ಫೋನು, ಕಂಪ್ಯೂಟರು, ಯಂತ್ರಗಳನ್ನು ನಡೆಸುವ ಬರವಣಿಗೆಯನ್ನು ಓದುವ, ತಿದ್ದುವ, ಇನ್ನೊಬ್ಬರಿಗೆ ಕೊಡುವ ಹಕ್ಕು ಬಳಸುವವರ ಕೈಯಲ್ಲಿರಬೇಕು ಎಂದು ಕಂಡಕಂಡವರಿಗೆ ಹೇಳುವುದು. ನಮ್ಮದು ಐದು ಜನರ ಬಳಗ. ಭಾನುವಾರ ಸೇರುತ್ತೇವೆ. ಐದರಲ್ಲಿ ಒಬ್ಬರು ಬರುವುದು ಬೋಂಡಾಕ್ಕೆ. ಮದುವೆ ಮನೆಗಳಲ್ಲಿ ನನ್ನನ್ನು ಕಂಡರೆ ನನ್ನ ಅತ್ತಿಗೆ ಫೋನನ್ನು ಸೆರಗಿನಡಿ ಸೇರಿಸುತ್ತಾಳೆ, ಎಲ್ಲಿ ಕಿತ್ತುಕೊಂಡು ಅದರೊಳಗಿನ ಆ್ಯಪ್‌ಗಳ ಬಗ್ಗೆ ಪಾಠ ಶುರುಮಾಡುತ್ತೇನೋ ಎಂದು. ಅವಳ ಭಯಕ್ಕೆ ಆಧಾರವಿದೆ.

ಆ ಸಲ ನಾವೊಂದು ಕರಪತ್ರ ಮಾಡಿಸಲು ಹೊರಟಿದ್ದೆವು. ತಲೆಬರಹ ನನ್ನದೇ: 'ನಿಮ್ಮ ಯಂತ್ರಕ್ಕೆ ನೀವೇ ಒಡೆಯರು'. ಅಚ್ಚಿಗೆ ಕೊಟ್ಟದ್ದು ಓಲ್ಡ್ ಟೌನ್‌ನ ಆ ಪ್ರೆಸ್‌ಗೆ. ಅದನ್ನು ಒಬ್ಬ ಅಕ್ಕ, ಒಬ್ಬ ತಮ್ಮ ಸೇರಿ ನಡೆಸುತ್ತಾರೆ. ತಮ್ಮನಿಗಿಂತ ಅಕ್ಕ ಹತ್ತು ವರ್ಷ ದೊಡ್ಡವರು. ತಮ್ಮನನ್ನು ಪೇಟೆಯೆಲ್ಲ ಭಾಯ್ ಎನ್ನುತ್ತದೆ, ನಾನೂ ಹಾಗೇ ಅನ್ನುತ್ತೇನೆ. ಗಿರಾಕಿ, ಅಚ್ಚು, ಫೋನು ಅವರ ಪಾಲು. ಅಕ್ಕನನ್ನು ಎಲ್ಲರೂ ಆಪಾ ಎನ್ನುತ್ತಾರೆ. ಕಾಗದ ಕತ್ತರಿಸುವುದು ಪೂರ್ತಿ ಅವರದೇ. ಅಪ್ಪನ ಕಾಲದಲ್ಲಿ ಕೈಯಿಂದ ಎಳೆಯುವ ಮೆಷಿನ್ ಇದ್ದಾಗಿನಿಂದ ಅವರೇ ಕತ್ತರಿಸುತ್ತಿದ್ದಾರೆ.

ಬಸ್ಸಿಳಿದು ಹೋದರೆ ಭಾಯ್ ಬಾಗಿಲಲ್ಲೇ ಸಿಕ್ಕರು.

"ಮೇಡಮ್, ನಿಮ್ದು ಪ್ರಿಂಟ್ ಆಗಿದೆ. ಕಟಿಂಗ್ ಆಗಿಲ್ಲ. ಮೆಷಿನ್ ಮಲಗಿದೆ."

"ಕೆಟ್ಟೋಯ್ತಾ?"

"ಕೆಟ್ಟಿದ್ರೆ ರಿಪೇರಿ ಮಾಡಿಸ್ತಿದ್ದೆ. ಗಟ್ಟಿಮುಟ್ಟಾಗಿದೆ. ಅದಕ್ಕೆ ಮನಸ್ಸಿಲ್ಲ, ಅಷ್ಟೇ."

ಮೂರು ವರ್ಷದ ಹಿಂದೆ ತಂದ ಕಟಿಂಗ್ ಮೆಷಿನ್ ಅದು. ಹೊರದೇಶದ ಮಾಲು, ಇಲ್ಲಿನ ಕಂಪನಿಯೊಂದು ತನ್ನ ಹೆಸರು ಅಂಟಿಸಿ ಮಾರುತ್ತದೆ. ಅದರ ಪರದೆಯ ಮೇಲೆ ಸರ್ವೀಸ್ ಅವಧಿ ಮುಗಿದಿದೆ, ಕೋಡ್ ಹಾಕಿ ಎಂದು ಬಂದಿತ್ತು. ಕೋಡ್ ಬೇಕೆಂದರೆ ಕಂಪನಿಯ ಎಂಜಿನಿಯರ್ ಬರಬೇಕು. ಅವರು ಬರುವುದು ಮುಂದಿನ ವಾರ. ಕುಂಸಿಯ ಒಬ್ಬರ ಮಗಳ ಲಗ್ನಪತ್ರಿಕೆಗಳು ದೊಡ್ಡ ಹಾಳೆಗಳಲ್ಲೇ ಕೂತಿದ್ದವು. ಹುಡುಗಿಯ ಅಪ್ಪ ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದರು.

ನನಗೆ ಎಷ್ಟು ಖುಷಿಯಾಯಿತು ಎಂದರೆ ಹೇಳಲು ನಾಚಿಕೆಯಾಗುತ್ತದೆ. ವರ್ಷಗಟ್ಟಲೆ ನಾನು ಭಾಷಣದಲ್ಲಿ ಕೊಡುತ್ತಿದ್ದ ಉದಾಹರಣೆ ಎದುರಿಗೇ ನಿಂತಿತ್ತು, ಅದೂ ನನ್ನದೇ ಕರಪತ್ರವನ್ನು ಒತ್ತೆ ಇಟ್ಟುಕೊಂಡು.

"ಭಾಯ್, ಇದು ನಿಮ್ಮ ಮೆಷಿನ್ ಅಲ್ವಾ?"

"ಬಿಲ್ಲಲ್ಲಿ ನನ್ದೇ."

"ಹಾಗಾದ್ರೆ ನಾನು ತೆಗೀಲಾ?"

"ಬಿಚ್ಚಿದ್ಮೇಲೆ ವಾಪಸ್ ಕೂಡ್ಸೋಕೆ ಬರುತ್ತಾ?"

ಬರುತ್ತದೆ ಎಂದೆ. ಆಪಾ ಮೂಲೆಯಲ್ಲಿ ಕೂತು ಹಾಳೆ ಎಣಿಸುತ್ತಿದ್ದರು. ಅವರನ್ನು ನಾನು ಏನೂ ಕೇಳಲಿಲ್ಲ.

ಯಂತ್ರದ ಕೆಲಸ ಸರಳ. ಕಾಗದದ ಕಟ್ಟನ್ನು ಒಳಕ್ಕೆ ತಳ್ಳಿ ಅಂಚು ಸರಿಮಾಡಬೇಕು. ಮೇಜಿನ ಮುಂದಿನ ಅಂಚಿನಲ್ಲಿ, ಎಡಕ್ಕೊಂದು ಬಲಕ್ಕೊಂದು, ಎರಡು ಹಸಿರು ಗುಂಡಿಗಳಿವೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಕತ್ತಿ ಇಳಿಯುತ್ತದೆ. ಎರಡು ಕೈಯೂ ಗುಂಡಿಯ ಮೇಲಿದ್ದರೆ ಒಂದೂ ಕತ್ತಿಯ ಕೆಳಗಿರುವುದಿಲ್ಲ ಎಂಬುದು ಲೆಕ್ಕಾಚಾರ. ಇಂಥದ್ದನ್ನು ತಂತಿಯಲ್ಲೇ ಬಿಗಿಮಾಡಿ ಇಡಬೇಕು. ಈ ಅಗ್ಗದ ಯಂತ್ರದಲ್ಲಿ ಅದನ್ನೂ ತಂತ್ರಾಂಶಕ್ಕೇ ಬಿಟ್ಟಿದ್ದರು. ಇದು ನನಗೆ ಆಮೇಲೆ ಗೊತ್ತಾಯಿತು. ಆಮೇಲೆ ಗೊತ್ತಾಗುವುದೇ ನನ್ನ ವಿದ್ಯಾಭ್ಯಾಸದ ವಿಶೇಷ.

ಪರದೆಯ ಹಿಂದಿನ ಪೆಟ್ಟಿಗೆಯಲ್ಲಿ ಒಂದು ಮೆಮೊರಿ ಕಾರ್ಡ್ ಇತ್ತು. ಲ್ಯಾಪ್‌ಟಾಪಿಗೆ ಹಾಕಿದೆ. ತಂತ್ರಾಂಶ ಓದಲು ಬರುವ ಹಾಗೇ ಇತ್ತು. ಪ್ರತಿ ಬಾರಿ ಕತ್ತಿ ಇಳಿಯುವ ಮೊದಲು ಯಂತ್ರ ಕೆಲವು ಸಂಗತಿಗಳನ್ನು ಪರೀಕ್ಷಿಸುತ್ತಿತ್ತು. ಒಟ್ಟು ಒಂಬತ್ತು ಸಾಲು. ಮೊದಲ ನಾಲ್ಕರಲ್ಲಿ ಸರ್ವೀಸ್ ತಾರೀಖಿನ ವಿಚಾರ ಸ್ಪಷ್ಟವಾಗಿತ್ತು. ಮುಂದಿನ ಐದಕ್ಕೆ ಬರೀ ಅಂಕಿಗಳು, ಪಕ್ಕದಲ್ಲಿ ಯಾವುದೋ ಪರದೇಶದ ಲಿಪಿಯಲ್ಲಿ ವಿವರಣೆ. ನಾಲ್ಕು ಬೀಗವಾದರೆ ಐದೂ ಬೀಗವೇ ಇರಬೇಕು ಎಂದುಕೊಂಡೆ. ಅಷ್ಟು ಹೊತ್ತಿಗೆ ಹುಡುಗಿಯ ಅಪ್ಪ ಮೂರನೇ ಸಲ ಫೋನ್ ಮಾಡಿದ್ದರು. ಒಂಬತ್ತನ್ನೂ ತೆಗೆದುಹಾಕಿದೆ. ಹಳೆಯದರ ಪ್ರತಿಯೊಂದನ್ನು ಇಟ್ಟುಕೊಂಡೆ, ಆ ದಿನ ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ ಅದು.

ಯಂತ್ರ ಶುರುವಾಯಿತು. ಕೋಡ್ ಕೇಳಲಿಲ್ಲ. ಭಾಯ್ ಟೀ ತರಿಸಿದರು. ಆಪಾ ಎದ್ದು ಬಂದು ಲಗ್ನಪತ್ರಿಕೆ ಕತ್ತರಿಸಲು ನಿಂತರು, ಎರಡು ಕೈ, ಎರಡು ಗುಂಡಿ, ಧಡ್. ಎಲ್ಲ ಸರಿಯಾಗಿತ್ತು, ಯಾಕೆಂದರೆ ಆಪಾ ಎರಡನ್ನೂ ಒತ್ತುತ್ತಿದ್ದರು. ಲಗ್ನಪತ್ರಿಕೆ ಮುಗಿದು ನನ್ನ ಕರಪತ್ರದ ಸರದಿ ಬಂತು. ಬಳಗಕ್ಕೆ ತೋರಿಸೋಣ ಎಂದು ಫೋನ್ ತೆಗೆದೆ.

ಆ ವಿಡಿಯೋ ಹನ್ನೊಂದು ಸೆಕೆಂಡಿನದು. ಮೊದಲು ಯಂತ್ರ, ಆಮೇಲೆ ಆಪಾರ ಬೆನ್ನು. ನನ್ನ ದನಿ, ಲ್ಯಾಬ್‌ನಲ್ಲಿ ಮಾತಾಡುವ ದನಿ: "ನೋಡಿ, ಈಗ ಈ ಮೆಷಿನ್ ಯಾರ ಮಾತು ಕೇಳುತ್ತೆ?" ಆಪಾ ಕತ್ತರಿಸಿದ ಅಂಚಿನ ಒಂದು ಚೂರು ಸಿಕ್ಕಿಕೊಂಡದ್ದನ್ನು ಎಳೆಯಲು ಬಲಗೈಯನ್ನು ಒಳಕ್ಕೆ ಚಾಚುತ್ತಾರೆ. ಬಾಗಿದಾಗ ಮೈಭಾರ ಎಡ ಅಂಗೈಯ ಮೇಲೆ ಬೀಳುತ್ತದೆ. ಎಡ ಅಂಗೈ ಎಡ ಗುಂಡಿಯ ಮೇಲಿದೆ. ಮೂರು ವರ್ಷದಿಂದ ಅವರು ಹಾಗೇ ಬಾಗುತ್ತಿದ್ದರು, ಒಂದು ಗುಂಡಿಗೆ ಆ ಮೆಷಿನ್ ಉಸಿರೂ ಬಿಡುವುದಿಲ್ಲ ಎಂದು ಅವರ ಕೈಗೆ ಗೊತ್ತಿತ್ತು. ಮೋಟಾರಿನ ದನಿ ದಪ್ಪವಾಗುತ್ತದೆ. ಧಡ್.

ಆಪಾ ಆ ದಪ್ಪ ದನಿ ಕೇಳಿಯೇ ಕೈ ಎಳೆದುಕೊಂಡಿದ್ದರು. ಯಾವುದೇ ಯಂತ್ರದ ದನಿ ಬದಲಾದರೆ ಮೊದಲು ಕೈ, ಆಮೇಲೆ ಯೋಚನೆ ಎಂದು ಅವರ ಅಪ್ಪ ಕಲಿಸಿದ್ದರಂತೆ. ಕುರ್ತಾದ ತೋಳಿನ ತುದಿ ಮಾತ್ರ ಒಳಗುಳಿಯಿತು. ಎರಡು ಬೆರಳಗಲ, ನನ್ನ ಕರಪತ್ರಗಳ ಜೊತೆಗೇ, ಅಷ್ಟೇ ನೇರವಾದ ಗೆರೆಯಲ್ಲಿ ಕತ್ತರಿಸಿ ಬಿದ್ದಿತ್ತು. ಒಂದು ನೂಲೂ ಎದ್ದಿರಲಿಲ್ಲ.

ಮೇನ್ ಸ್ವಿಚ್ ನನ್ನ ಮೊಣಕೈಯ ಪಕ್ಕದಲ್ಲೇ ಇತ್ತು. ವಿಡಿಯೋದಲ್ಲಿ ಅದೂ ಕಾಣುತ್ತದೆ. ನಾನು ಅದನ್ನು ಮುಟ್ಟುವುದಿಲ್ಲ. ಫೋನನ್ನು ಇನ್ನಷ್ಟು ನೆಟ್ಟಗೆ ಹಿಡಿಯುತ್ತೇನೆ. ಈಗಲೂ ಲ್ಯಾಬ್‌ನಲ್ಲಿ, ಬಸ್ಸಿನಲ್ಲಿ, ಪಲ್ಯಕ್ಕೆ ಬೀನ್ಸ್ ಹೆಚ್ಚುವಾಗ ಆ ಹನ್ನೊಂದು ಸೆಕೆಂಡು ಬರುತ್ತದೆ, ಫೋನ್ ಬೇಕಾಗಿಲ್ಲ. ಪ್ರತಿ ಸಲವೂ ನಾನು ಸ್ವಿಚ್ ಆರಿಸಲು ನೋಡುತ್ತೇನೆ. ಒಂದು ಸಲವೂ ಆಗಿಲ್ಲ.

ಸ್ವಿಚ್ ಆರಿಸಿದ್ದು ಭಾಯ್. ಆಪಾ ಸ್ಟೂಲಿನ ಮೇಲೆ ಕೂತು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಬೆರಳನ್ನು ಮಡಚಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಕುರ್ತಾ ಹೊಸದಿತ್ತು ಮಾರಾಯ್ತಿ."

ನಾನು ಕಾಗದದ ಕಟ್ಟಿನ ಮೇಲೆ ಕೂತೆ. ಭಾಯ್ ನೀರು ತಂದರು, ಮೊದಲು ನನಗೇ ಕೊಟ್ಟರು. ಕೈ ಹೋಗಲಿದ್ದದ್ದು ಯಾರದು, ನೀರು ಯಾರಿಗೆ ಎಂದು ಆಪಾ ತಮ್ಮನನ್ನು ನೋಡಿದರು. ಭಾಯ್ ಇನ್ನೊಂದು ಲೋಟ ತರಲು ಹೋದರು.

"ಹಳೇದನ್ನೇ ವಾಪಸ್ ಹಾಕ್ತೀನಿ ಆಪಾ," ಎಂದೆ. "ಪ್ರತಿ ಇದೆ. ಐದು ನಿಮಿಷ."

"ಹಾಕಿದ್ರೆ?"

"ಮೊದಲಿನ ಥರ ಆಗುತ್ತೆ."

"ಮೊದಲಿನ ಥರ ಅಂದ್ರೆ ಮಲಗುತ್ತೆ. ಅವರ ಕಾರ್ಡಲ್ಲಿ ಬೀಗ, ನಿನ್ನ ಕಾರ್ಡಲ್ಲಿ ಕತ್ತಿ. ನಡುವೆ ಏನೂ ಇಲ್ವಾ?"

ಇದೆ ಎಂದು ಹೇಳುವುದೇ ನನ್ನ ಇಷ್ಟು ವರ್ಷದ ಪ್ರಚಾರ.

"ಏನು ಅಳಿಸಿದೆ, ಹೇಳು," ಎಂದರು ಆಪಾ. "ನಂಗೆ ಅರ್ಥ ಆಗೋ ಹಾಗೆ."

ಅಚ್ಚು ಕೆಟ್ಟ ಒಂದು ಲಗ್ನಪತ್ರಿಕೆ ತೆಗೆದುಕೊಂಡು ಅದರ ಹಿಂಬದಿಯಲ್ಲಿ ಒಂಬತ್ತು ಸಾಲನ್ನೂ ಕನ್ನಡದಲ್ಲಿ ಬರೆಯಲು ಕೂತೆ. ನಾಲ್ಕು ಸಾಲು ಸಲೀಸಾಗಿ ಬಂತು. ಐದನೆಯದಕ್ಕೆ ಪೆನ್ನು ನಿಂತಿತು. ಅಂಕಿಗಳನ್ನು ಯಂತ್ರದೊಳಗಿನ ತಂತಿಗಳ ಅಂಕಿಯೊಂದಿಗೆ ಹೋಲಿಸಿ ನೋಡಬೇಕಾಯಿತು. ಭಾಯ್ ಟಾರ್ಚ್ ಹಿಡಿದರು. ಕಾಲು ಗಂಟೆಯೂ ಬೇಕಾಗಲಿಲ್ಲ. ಎಡ ಗುಂಡಿ ಒತ್ತಿದೆಯೇ, ಬಲ ಗುಂಡಿ ಒತ್ತಿದೆಯೇ, ಎರಡನ್ನೂ ಒಟ್ಟಿಗೇ ಒತ್ತಿದ್ದಾರೆಯೇ, ಇನ್ನೂ ಒತ್ತಿಕೊಂಡೇ ಇವೆಯೇ, ಇಲ್ಲದಿದ್ದರೆ ನಿಲ್ಲು. ಐದು ಸಾಲು. ಅದೇ ಕಾಲು ಗಂಟೆಯನ್ನು ಬೆಳಿಗ್ಗೆ ಖರ್ಚು ಮಾಡಿದ್ದರೆ ಆಗುತ್ತಿತ್ತು.

"ಓದೋಕೆ ಬರ್ದೇ ಇದ್ದದ್ದನ್ನ ಅಳಿಸಿದ್ಯಾ?"

"ಹೌದು."

"ನಿನ್ನ ಕ್ಲಾಸಲ್ಲಿ ಮಕ್ಕಳು ಹಂಗೆ ಮಾಡಿದ್ರೆ ಏನು ಮಾಡ್ತೀಯ?"

"ಹೊರಗೆ ನಿಲ್ಲಿಸ್ತೀನಿ."

"ಹೊರಗೆ ಬಿಸಿಲಿದೆ, ಇಲ್ಲೇ ನಿಂತ್ಕೋ," ಎಂದರು.

ಬರೆದದ್ದನ್ನು ಅವರು ಎರಡು ಸಲ ಓದಿದರು. ಮೊದಲ ನಾಲ್ಕು ಸಾಲಿಗೆ ಅಡ್ಡಗೀಟು ಎಳೆದರು. ಕೊನೆಯ ಐದರ ಮೇಲೆ ಬೆರಳಿಟ್ಟರು. ಬಳಸುವವರ ಹಕ್ಕು ಎಂದು ನಾನು ಎಷ್ಟು ವೇದಿಕೆಗಳಲ್ಲಿ ಕಿರುಚಿದ್ದೇನೋ ಲೆಕ್ಕವಿಲ್ಲ. ಬೆಳಿಗ್ಗೆ ಅನುಮತಿ ಕೇಳಿದ್ದು ಮಾತ್ರ ಬಿಲ್ಲಿನಲ್ಲಿ ಹೆಸರಿದ್ದವರನ್ನು. ಆ ಯಂತ್ರವನ್ನು ಭಾಯ್ ಒಂದು ದಿನವೂ ಬಳಸಿದವರಲ್ಲ. ಕಂಪನಿಯೂ ಆಪಾರನ್ನು ಕೇಳಿರಲಿಲ್ಲ, ನಾನೂ ಕೇಳಲಿಲ್ಲ. ಕಂಪನಿಯವರು ಕರಪತ್ರ ಹಂಚುವುದಿಲ್ಲ, ಅಷ್ಟೇ ವ್ಯತ್ಯಾಸ.

ಆಪಾ ಬೆರಳು ತೆಗೆಯದೆ, "ಈ ಐದನ್ನೂ ನಾಳೆ ಇನ್ಯಾರೋ ಅಳಿಸಬಹುದಲ್ಲ?" ಎಂದರು.

"ಕಾರ್ಡ್ ಸಿಕ್ಕಿದವರು ಅಳಿಸಬಹುದು."

"ಹಂಗಾದ್ರೆ ಇದನ್ನ ಕಾರ್ಡಿಗೆ ಬಿಡಬೇಡ. ಎರಡೂ ಗುಂಡಿ ಒತ್ತದೆ ಕತ್ತಿಗೆ ಕರೆಂಟೇ ಹೋಗಬಾರದು. ಕಾರ್ಡ್ ಏನು ಬೇಕಾದ್ರೂ ಬಡ್ಕೊಳ್ಳಲಿ."

ಮೋಟಾರ್ ವೈಂಡಿಂಗ್ ಮಾಡುವ ಪಕ್ಕದ ಬೀದಿಯ ಮೆಕ್ಯಾನಿಕ್ ಮಧ್ಯಾಹ್ನ ಬಂದರು. ಆಪಾ ಹೇಳಿದ್ದು ಕೇಳಿ, ಇದಕ್ಕೆ ಎಂಜಿನಿಯರ್ ಯಾಕೆ, ಎರಡು ತಂತಿ ಸಾಕು ಎಂದರು. ಎರಡು ಗುಂಡಿಯನ್ನೂ ಒಂದರ ಹಿಂದೊಂದು ಪೋಣಿಸಿ ಕತ್ತಿಯ ಕರೆಂಟಿನ ದಾರಿಯಲ್ಲಿ ಕೂರಿಸಿದರು. ನಾನು ಬ್ಯಾಗಿನಲ್ಲಿದ್ದ ಇನ್ನೊಂದು ಕಾರ್ಡಿಗೆ ಬೆಳಗಿನ ತಂತ್ರಾಂಶವನ್ನು ಹಾಕಿ, ಐದು ಸಾಲನ್ನೂ ಅದರಲ್ಲಿ ವಾಪಸ್ ಬರೆದೆ. ಬರೆಯುವಾಗ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಬೇಕೆಂದು ಆಪಾ ಹೇಳಿದರು. ಓದಿದೆ. ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿದು ನಿಂತು, ಮಗ್ಗಿ ಒಪ್ಪಿಸುವವಳನ್ನು ನೋಡುವ ಹಾಗೆ ನೋಡಿದರು.

ಕತ್ತಿಯ ಕೆಳಗೆ ಆಪಾ ಒಂದು ರಟ್ಟು ಇಟ್ಟರು.

"ಬಾ, ಎಡಗಡೇದು ಒತ್ತು. ಅದೊಂದೇ."

ನನ್ನ ಕೈ ಮೇಲಕ್ಕೇಳಲಿಲ್ಲ. ಕೆಳಗಿರುವುದು ರಟ್ಟು ಎಂದು ಗೊತ್ತಿತ್ತು, ಆದರೂ ಏಳಲಿಲ್ಲ. ಅವರು ಕಾದರು. ಒತ್ತಿದೆ. ಯಂತ್ರ ಸುಮ್ಮನಿತ್ತು.

"ಬಲಗಡೇದು."

ಸುಮ್ಮನಿತ್ತು.

"ಮತ್ತೆ ಎಡಗಡೇದು. ಜೋರಾಗಿ, ಮೈಭಾರ ಬಿಟ್ಟು, ನಾನು ಬಾಗೋ ಹಾಗೆ."

ಬಾಗಿ ಒತ್ತಿದೆ. ಬಾಗಿದಾಗ ಗೊತ್ತಾಯಿತು, ಅಲ್ಲಿಂದ ಕತ್ತಿಯ ಅಲಗು ಮುಖದ ಎದುರಿಗೇ ಕಾಣುತ್ತದೆ. ಹತ್ತು ಸಲ ಒತ್ತಿಸಿದರು. ಆಮೇಲೆ ಕಾರ್ಡನ್ನೇ ತೆಗೆಸಿ, ಬೆಳಗಿನ ನನ್ನ ತಪ್ಪು ಕಾರ್ಡ್ ಹಾಕಿಸಿ, ಮತ್ತೆ ಹತ್ತು ಸಲ. ಒಮ್ಮೆಯೂ ಕತ್ತಿ ಇಳಿಯಲಿಲ್ಲ. ಆಗ ಮಾತ್ರ ಅವರು ಸ್ಟೂಲಿನಿಂದ ಎದ್ದರು. ಸರಿಯಾದ ಕಾರ್ಡನ್ನು ಹಾಕಿಸಿದರು. ತಪ್ಪು ಕಾರ್ಡನ್ನು ಇಸಿದುಕೊಂಡು ಎರಡು ತುಂಡು ಮಾಡಿದರು. ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ತಮ್ಮ ಗೊಂಚಲಿಗೆ ಸೇರಿಸಿಕೊಂಡರು.

"ಇನ್ಮೇಲೆ ಕಂಪನಿಯವರು ಬಂದ್ರೂ, ನೀನು ಬಂದ್ರೂ, ಮೊದಲು ನನ್ನ ಕೇಳ್ಬೇಕು."

"ಆಯ್ತು ಆಪಾ."

"ಈಗ ಹಿಂದಕ್ಕೆ ಸರಿ. ಬೆಳಕಿಗೆ ಅಡ್ಡ ನಿಂತಿದ್ಯ."

ಸರಿದೆ. ಅವರು ತುದಿ ಕತ್ತರಿಸಿಹೋದ ತೋಳನ್ನು ಮೊಣಕೈವರೆಗೆ ಮಡಚಿ, ಕಾಗದದ ಕಟ್ಟನ್ನು ಒಳಕ್ಕೆ ತಳ್ಳಿ, ಅಂಚು ಸರಿಮಾಡಿ, ಎರಡು ಗುಂಡಿಗಳ ಮೇಲೆ ಎರಡು ಕೈ ಇಟ್ಟರು.