ಕೋಸಿನ ಲಾರಿ

ಲುಬ್ಲಿನ್ ನಗರದಲ್ಲಿ ನಮ್ಮ ನೆರೆಯವರಾಗಿದ್ದ ಜೆನೋನ್ ಗಡಿಯಾರ ರಿಪೇರಿಯಿಂದ ನಿವೃತ್ತರಾದವರು. ಅವರ ಹೆಂಡತಿ ಬ್ರೋನ್ಯಾ ಐದು ವರ್ಷದವರಿದ್ದಾಗ ಸೈನಿಕರು ಆಕೆಯ ತಂದೆಯನ್ನು ಲಾರಿಯಲ್ಲಿ ಒಯ್ದಿದ್ದರು, ತಂದೆ ಮರಳಲಿಲ್ಲ. ಎಪ್ಪತ್ತು ದಾಟಿದರೂ ಬೀದಿಯಲ್ಲಿ ಲಾರಿ ನಿಂತರೆ ಆಕೆ ಅಡುಗೆಮನೆಯಲ್ಲಿ ಅವಿತುಕೊಳ್ಳುತ್ತಿದ್ದರು.

ಆ ಭಯ ಬಿಡಿಸಲೆಂದು ಜೆನೋನ್ ಅಂಥದೇ ಲಾರಿಯ ಅಂಗೈಯಗಲದ ಮಾದರಿಯೊಂದನ್ನು ತಂದರು. ಸೈನಿಕರ ಬೆಂಚುಗಳನ್ನು ಕಿತ್ತು, ಬೂದು ಬಣ್ಣದ ಮೇಲೆ ಹಳದಿ ಬಳಿದು, ಜೇಡಿಮಣ್ಣಿನ ಪುಟ್ಟ ಕೋಸುಗಳನ್ನು ತುಂಬಿ, ಹಿಂಬಾಗಿಲನ್ನು ಅಂಟು ಹಾಕಿ ಮುಚ್ಚಿದರು.

“ಅಡುಗೆಮನೆ ಗೋಡೆಗೆ ಬಣ್ಣ ಬಳಿಯೋ ಅಂದ್ರೆ ಮೈ ನೋವು, ಇದಕ್ಕೆ ಮಾತ್ರ ಮೂರು ಸಲ!” ಎಂದು ಬ್ರೋನ್ಯಾ ನಕ್ಕರು. ಆಮೇಲೆ ಬಗ್ಗಿ ಒಳಗೆ ನೋಡಿದರು. “ಚೆನ್ನಾಗಿದೆ ಕಣೋ. ಆದ್ರೆ ಅಪ್ಪ ಇನ್ನೂ ಹಿಂದೇನೇ ಕೂತಿದಾರಲ್ಲ, ಹೇಗೆ ಇಳೀತಾರೆ?”

ಅಲ್ಲಿ ಕೋಸುಗಳ ಹೊರತು ಏನೂ ಇರಲಿಲ್ಲ. ಜೆನೋನ್ ಅಂಟನ್ನು ಕೊಯ್ದು ಹಿಂಬಾಗಿಲನ್ನು ಇಳಿಬಿಟ್ಟರು. ಗೀರು ಬಿದ್ದಲ್ಲಿ ಮತ್ತೆ ಹಳದಿ ಬಳಿದರು.

ಮರುದಿನ ಕಲ್ಲಿದ್ದಲಿನ ಲಾರಿ ಬಂದಾಗ ಮನೆಯ ಬಾಗಿಲು ತೆರೆದವರು ಬ್ರೋನ್ಯಾ. ಜೆನೋನ್ ನನ್ನನ್ನು ಕರೆದು ಕೈಗೆ ಭೂತಗನ್ನಡಿ ಕೊಟ್ಟರು. ಮಾದರಿಯ ಹಿಂಬಾಗಿಲಲ್ಲಿ ಒಣಗಿದ ಹಳದಿಯ ಮೇಲೆ ಎಳ್ಳುಕಾಳಿನಷ್ಟು ಎರಡು ಬೂಟಿನ ಗುರುತುಗಳಿದ್ದವು. ಎರಡೂ ಹೊರಮುಖವಾಗಿದ್ದವು.