ಐದನೆಯ ಟಿಕೆಟ್ಟು

"ಶೋನೇ ಹಾಕ್ಲಿಲ್ವಂತೆ ಅಕ್ಕಾ! ನಾಲ್ಕೇ ಜನ ಇದ್ರಂತೆ. ಐದು ಟಿಕೆಟ್ ಆಗ್ಲಿಲ್ಲ ಅಂತ ಬಾಗಿಲೇ ತೆಗೀಲಿಲ್ವಂತೆ!"

ಫೋನಿನ ಸ್ಪೀಕರಿನಲ್ಲಿ ಕಿರುಚುತ್ತಿರುವವರು ನಿರ್ದೇಶಕರು. ಇವತ್ತು ಅವರ ಮೊದಲ ಸಿನಿಮಾ ಬಿಡುಗಡೆ. ಫೋನು ಕೂತಿರುವುದು ಗೋಡೆಗೆ ಒರಗಿಸಿದ ಏಣಿಯ ಮೂರನೇ ಮೆಟ್ಟಿಲ ಮೇಲೆ. ಕೇಳಿಸಿಕೊಳ್ಳುತ್ತಿರುವ ಹೆಂಗಸಿನ ಎರಡೂ ಕೈಗೆ ಮೊಣಕೈವರೆಗೂ ಮೈದಾ ಗಂಜಿ ಮೆತ್ತಿದೆ. ಗಂಟೆ ಬೆಳಿಗ್ಗೆ ಏಳೂ ನಲವತ್ತು.

"ನಾಲ್ಕಾ?" ಅನ್ನುತ್ತಾ ಅವರು ತಿರುಗಿ ರಸ್ತೆಯ ಆಚೆ ನೋಡುತ್ತಾರೆ. ಥಿಯೇಟರ್ ಇರುವುದು ಅಲ್ಲೇ, ಎದುರಿಗೇ, ಹೆಚ್ಚೆಂದರೆ ನಲವತ್ತು ಹೆಜ್ಜೆ. "ಅಯ್ಯೋ ಪುಣ್ಯಾತ್ಮ, ನಾನು ಇಲ್ಲೇ ಇದ್ನಲ್ಲೋ! ಎದುರು ಗೋಡೇಲೇ ಇದ್ದೆ! ಯಾರಾದ್ರೂ ಒಂದು ಕೂಗು ಹಾಕ್ಬಾರ್ದಿತ್ತಾ?"

ಇವರು ಕೂಡ ಟಿಕೆಟ್ ತೆಗೆದುಕೊಂಡು ಸಿನಿಮಾ ನೋಡಬಹುದು ಎಂಬುದು ನಿರ್ದೇಶಕರಿಗೆ ಹೊಳೆದೇ ಇರಲಿಲ್ಲ. ನಿಜ ಹೇಳಬೇಕೆಂದರೆ, ಏಣಿ ಮೇಲಿದ್ದವರಿಗೂ ಹೊಳೆದಿರಲಿಲ್ಲ.

ಚಿತ್ರತಂಡ ಇವರನ್ನು ಕರೆಯುವುದು ಟೈಲರಕ್ಕ ಎಂದು. ವಯಸ್ಸು ಐವತ್ತೊಂದು. ಈ ಸಿನಿಮಾದ ಬಟ್ಟೆ ಇವರದು, ಮನೆಯ ಸಾಮಾನು ಇವರದು, ಯಾವ ದೃಶ್ಯದಲ್ಲಿ ಯಾರ ಗುಂಡಿ ಬಿಚ್ಚಿತ್ತು ಎಂಬ ನೋಟ್‌ಬುಕ್ ಇವರದು, ಈಗ ಗಂಜಿ ಬಕೆಟ್ಟೂ ಇವರದೇ. "ಇಷ್ಟು ಸಣ್ಣ ಬಜೆಟ್ಟಿನಲ್ಲಿ ಇಂಥ ಸಿನಿಮಾ ಹೇಗೆ ಮಾಡಿದಿರಿ?" ಎಂದು ಹೋದ ಕಡೆಯೆಲ್ಲ ನಿರ್ದೇಶಕರನ್ನು ಕೇಳುತ್ತಾರೆ. ಹೀಗೆ ಮಾಡಿದರು ಸ್ವಾಮಿ. ಐದು ಜನರ ಕೆಲಸವನ್ನು ಒಬ್ಬರೇ ಮಾಡಿದರು, ಅವರನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಬಿಡುಗಡೆಯ ದಿನ ಬೆಳಗಾಗುವ ಮೊದಲೇ ಇವರು ಗೋಡೆ ಹತ್ತಬೇಕಾಗಿ ಬಂದದ್ದೇಕೆ ಎಂಬುದನ್ನು ಕೇಳಿದರೆ ಮೈ ಉರಿಯುತ್ತದೆ. ದಿನಕ್ಕೆ ಒಂದೇ ಶೋ, ಊರಿಗೆಲ್ಲ ಒಂದೇ ಥಿಯೇಟರ್, ಅದರಲ್ಲೂ ಹಿಂದುಗಡೆಯ ಸಣ್ಣ ಹಾಲ್. ಸಮಯ ಒಂಬತ್ತೂ ಮುಕ್ಕಾಲು ಎಂದು ಎರಡು ವಾರದ ಹಿಂದೆಯೇ ಗೊತ್ತುಮಾಡಿದ್ದರು. ನೂರ ಎಂಬತ್ತು ಪೋಸ್ಟರ್ ಅಂಟಿಸಿ, ಪ್ರತಿಯೊಂದರ ಕೆಳಗೂ ಆ ಸಮಯ ಬರೆದ ಪಟ್ಟಿಯನ್ನು ಟೈಲರಕ್ಕ ಹಚ್ಚಿದ್ದರು. ನಿನ್ನೆ ಸಂಜೆ ಆರಕ್ಕೆ ಥಿಯೇಟರಿನಿಂದ ಒಂದೇ ಒಂದು ಸಾಲಿನ ಮೆಸೇಜ್ ಬಂತು: ನಿಮ್ಮ ಶೋ ಏಳೂ ಕಾಲಿಗೆ. ಅಷ್ಟೇ. ಒಂದು ದೊಡ್ಡ ಸಿನಿಮಾಕ್ಕೆ ಅದೇ ಕಟ್ಟಡದಲ್ಲಿ ಆಗಲೇ ದಿನಕ್ಕೆ ಹತ್ತು ಶೋ ಇದ್ದವು, ಹನ್ನೊಂದನೆಯದಕ್ಕೆ ಜಾಗ ಬೇಕಾಯಿತು. ಬೆಳಿಗ್ಗೆ ಏಳೂ ಕಾಲಿಗೆ ಹಲ್ಲುಜ್ಜುವವರಿದ್ದಾರೆ, ಬಸ್ಸಿಗೆ ಓಡುವವರಿದ್ದಾರೆ. ಸಿನಿಮಾ ನೋಡುವವರು ಯಾರಿದ್ದಾರೆ?

ನಿನ್ನೆ ಸಂಜೆಯೇ ಟೈಲರಕ್ಕನ ಮಗಳು ಸ್ಕೆಚ್ ಪೆನ್ ಹಿಡಿದು ನೂರ ಎಂಬತ್ತು ಪಟ್ಟಿಗಳ ಮೇಲೆ ಹೊಸ ಸಮಯ ಬರೆದಿದ್ದಾಳೆ. ಅಮ್ಮ ನಾಲ್ಕೂವರೆಗೆ ಎದ್ದು ಗಂಜಿ ಕಾಸಿದ್ದಾರೆ. ಮೈದಾ, ನೀರು, ಹುಳು ಹತ್ತದ ಹಾಗೆ ಚಿಟಿಕೆ ಮೈಲುತುತ್ತ. ಅಪ್ಪ ಓಡಿಸುವುದು ಶಾಲೆಯ ವ್ಯಾನು. ಅದರ ತಲೆಯ ಮೇಲೆ ಏಣಿ ಕಟ್ಟಿ ಐದು ಗಂಟೆಗೆ ಹೊರಟವರು ಬಸ್ ಡಿಪೋದ ಗೋಡೆಯಿಂದ ಶುರು ಮಾಡಿದ್ದಾರೆ. ಹಳೆಯ ಪಟ್ಟಿಯ ಮೇಲೆ ಬ್ರಷ್ಷಿನಲ್ಲಿ ಎರಡೆಳೆ, ಹೊಸ ಪಟ್ಟಿ, ಮೇಲಿಂದ ಮತ್ತೆ ಒಂದೆಳೆ, ಅಂಗೈಯಿಂದ ನಡುವಿನಿಂದ ಅಂಚಿಗೆ ಒತ್ತಿ ಗಾಳಿ ಬಿಡಿಸುವುದು. ಬಟ್ಟೆಯ ಮಡಿಕೆ ಬಿಡಿಸಿದ ಹಾಗೇ ಕಾಣುತ್ತದೆ. ಏಳೂ ಕಾಲಿಗೆ ಥಿಯೇಟರಿನ ಎದುರಿನ ಉದ್ದ ಗೋಡೆಗೆ ಬಂದು, ಫೋನ್ ಬರುವ ಹೊತ್ತಿಗೆ ಐವತ್ತೆಂಟು ಮುಗಿದು, ಕೈಯಲ್ಲಿದ್ದದ್ದು ಐವತ್ತೊಂಬತ್ತನೆಯದು.

"ಬೇಗ ಬೇಗ! ಎಂಟಕ್ಕೆ ಮಕ್ಕಳು ಬಂದು ನಿಂತಿರ್ತಾವೆ," ಎಂದು ಯಜಮಾನರು ಸ್ಟಿಯರಿಂಗ್ ಹಿಂದಿನಿಂದ ಕೂಗುತ್ತಾರೆ. "ಏಣಿ ಕಟ್ಕೊಂಡು ಹೋದ್ರೆ ಏನಂಕಲ್, ಬೆಂಕಿ ಆರ್ಸಕ್ಕೆ ಹೊರಟ್ರಾ ಅಂತ ನಗ್ತಾವೆ."

"ಹೌದು ಅಂತ ಹೇಳ್ರಿ. ಇಲ್ಲಿ ಹೊಟ್ಟೇಲಿ ಬೆಂಕಿ ಬಿದ್ದಿದೆ," ಅನ್ನುತ್ತಾರೆ ಟೈಲರಕ್ಕ.

ಡಿಪೋದ ಗೋಡೆಯಲ್ಲಿ ಅವರ ಎಂಟು ಪೋಸ್ಟರುಗಳ ಪೈಕಿ ಮೂರರ ಮೇಲೆ ದೊಡ್ಡ ಸಿನಿಮಾದವರು ತಮ್ಮದನ್ನು ಅಂಟಿಸಿ ಹೋಗಿದ್ದರು. ನಮ್ಮ ನಾಯಕನ ಅರ್ಧ ಕಿವಿ ಮಾತ್ರ ಉಳಿದಿತ್ತು. ಪೋಸ್ಟರ್ ಅಂಟಿಸುವವರಲ್ಲಿ ಒಂದು ರೂಢಿ ಇದೆ: ಓಡುತ್ತಿರುವ ಸಿನಿಮಾದ ಮೇಲೆ ಇನ್ನೊಂದನ್ನು ಅಂಟಿಸಬಾರದು, ಅದು ಥಿಯೇಟರಿನಿಂದ ಇಳಿಯುವವರೆಗೆ ಕಾಯಬೇಕು. ಇವತ್ತು ಕೈಯಲ್ಲಿ ಗಂಜಿಯೂ ಇತ್ತು, ಹೊಟ್ಟೆಯಲ್ಲಿ ಸಿಟ್ಟೂ ಇತ್ತು. ಅಂಟಿಸಿ ಎಂದು ಯಜಮಾನರೂ ಹೇಳಿದರು. "ಅವರಿಗೆ ಮಾನ ಇಲ್ಲ ಅಂತ ನಾನೂ ಬಿಡ್ಲಾ?" ಎಂದು ಟೈಲರಕ್ಕ ಹೊಸ ಪೋಸ್ಟರಿಗೆ ಪಕ್ಕದ ಖಾಲಿ ಜಾಗ ಹುಡುಕಿದರು.

ಇವರ ಅಂಗಡಿ ಒಂದು ಕಟ್ಟಡದ ಮೆಟ್ಟಿಲಿನ ಕೆಳಗಿದೆ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಪೆಟ್ಟಿಗೆ, ನೆಟ್ಟಗೆ ನಿಂತರೆ ತಲೆ ಬಡಿಯುತ್ತದೆ. ಉದ್ದದ ಪ್ಯಾಂಟ್ ಗಿಡ್ಡ ಮಾಡುವುದು, ಬಿಗಿಯಾದ ರವಿಕೆ ಸಡಿಲಿಸುವುದು, ಹೋದ ಜಿಪ್ ಹಾಕುವುದು, ದಿನಕ್ಕೆ ಹದಿನೈದು ಇಪ್ಪತ್ತು ಬಟ್ಟೆ. ಇಪ್ಪತ್ತೆರಡು ವರ್ಷದಿಂದ ಅದೇ. ಒಂದು ದಿನ ಪ್ಯಾಂಟ್ ಗಿಡ್ಡ ಮಾಡಿಸಲು ಬಂದ ಹುಡುಗ, "ಹೊಸದೇ ಆಗಿದ್ದು ಹಳೇದರ ಥರ ಕಾಣೋ ಅಂಗಿ ಹೊಲೀತೀರಾ?" ಎಂದು ಕೇಳಿದನಂತೆ. ಪತ್ರಿಕೆಗೆಂದು ಬರೆದುಕೊಳ್ಳುತ್ತಿರುವ ನನಗೆ ಅದನ್ನು ಅವರೇ ಹೇಳುತ್ತಾರೆ.

"ಹಳೇ ಅಂಗಿನೇ ತಗೊಳ್ಳಪ್ಪ, ಅದಕ್ಯಾಕೆ ಇಷ್ಟು ಒದ್ದಾಟ ಅಂದೆ. ಅಲ್ಲೇ ನಕ್ಕುಬಿಟ್ಟ. ಅವನೇ ನಮ್ಮ ಡೈರೆಕ್ಟರು. ಅವತ್ತು ನಂಗೆ ಗಂಟು ಬಿದ್ದೋನು ಇವತ್ತಿಗೂ ಬಿಟ್ಟಿಲ್ಲ."

ಲಿಫ್ಟ್ ನಡೆಸುವ ಒಬ್ಬ ಮನುಷ್ಯನ ಕೆಲಸದ ಕೊನೆಯ ದಿನ, ಇಷ್ಟೇ ಸಿನಿಮಾದ ಕಥೆ. ಬೆಳಿಗ್ಗೆ ಮನೆ ಬಿಟ್ಟವನು ಸಂಜೆ ಮನೆಗೆ ಬರುತ್ತಾನೆ. ಆ ಒಂದು ದಿನವನ್ನು ಚಿತ್ರೀಕರಿಸಲು ಹದಿನಾಲ್ಕು ತಿಂಗಳು ಹಿಡಿಯಿತು. ನಟರೆಲ್ಲ ಬೇರೆ ಬೇರೆ ಕೆಲಸದಲ್ಲಿರುವವರು, ಹಾಗಾಗಿ ಭಾನುವಾರ ಮಾತ್ರ ಶೂಟಿಂಗ್. ಕ್ಯಾಮೆರಾ ಸಿಕ್ಕರೆ ನಟ ಇಲ್ಲ, ನಟ ಸಿಕ್ಕರೆ ಲಿಫ್ಟ್ ಕೆಟ್ಟಿರುತ್ತಿತ್ತು. ನಾಯಕನ ಮನೆಗೆಂದು ಟೈಲರಕ್ಕನ ಮನೆಯ ಮಂಚ, ಪರದೆ, ಕುಕ್ಕರ್, ಗೋಡೆ ಗಡಿಯಾರ ಎಲ್ಲ ಹೋದವು.

"ಹದಿನಾಲ್ಕು ತಿಂಗಳು ನೆಲದ ಮೇಲೆ ಮಲಗಿದ್ದೀನಿ," ಎಂದು ಯಜಮಾನರು ಸೊಂಟ ಮುಟ್ಟಿ ತೋರಿಸುತ್ತಾರೆ. "ಸಿನಿಮಾದಲ್ಲಿ ನನ್ನ ಮಂಚದ ಮೇಲೆ ಯಾರೋ ಆರಾಮಾಗಿ ಮಲಗಿದ್ದಾನೆ. ಅವನಿಗೆ ಆ್ಯಕ್ಟಿಂಗ್ ಚೆನ್ನಾಗಿದೆ ಅಂತಾರೆ. ಮಂಚ ಚೆನ್ನಾಗಿದೆ ಅಂತ ಒಬ್ರೂ ಅನ್ನಲ್ಲ."

ಒಂದೇ ದಿನದ ಕಥೆಯಾದ್ದರಿಂದ ನಾಯಕನಿಗೆ ಇಡೀ ಸಿನಿಮಾಕ್ಕೆ ಒಂದೇ ಅಂಗಿ, ತಿಳಿನೀಲಿಯದು. ಮೂರನೇ ದಿನದ ಶೂಟಿಂಗಿನಲ್ಲಿ ನಟ ಜೇಬಿನ ಮೇಲೆ ಚಹಾ ಚೆಲ್ಲಿಕೊಂಡ. ನಿರ್ದೇಶಕರಿಗೆ ಅದು ಇಷ್ಟವಾಗಿ, ಹಾಗೇ ಇರಲಿ ಎಂದರು. ಅಲ್ಲಿಂದ ಮುಂದೆ ಪ್ರತಿ ದೃಶ್ಯದಲ್ಲೂ ಆ ಕಲೆ ಇರಲೇಬೇಕು. ಆಮೇಲೆ ಎರಡು ತಿಂಗಳು ಶೂಟಿಂಗ್ ನಿಂತಿತು, ಅಂಗಿ ಟೈಲರಕ್ಕನ ಅಂಗಡಿಯ ಮೊಳೆಯಲ್ಲಿ ನೇತಾಡಿತು. ಒಂದು ಮಧ್ಯಾಹ್ನ ಇವರು ಅದನ್ನು ತೆಗೆದು, ಸೋಪು ಹಾಕಿ ಉಜ್ಜಿ ತೊಳೆದು, ಇಸ್ತ್ರಿ ಮಾಡಿ ಮಡಿಚಿಟ್ಟುಬಿಟ್ಟರು.

"ಕೊಳೆ ಅಂಗಿ ಕಣ್ಣೆದುರಿಗೆ ನೇತಾಡ್ತಿದ್ರೆ ನನ್ನ ಕೈ ಸುಮ್ನಿರಲ್ಲ ಕಣಮ್ಮ. ಪಾಪ, ಆ ಹೀರೋ ಹುಡುಗ ಇನ್ನೂ ಎಷ್ಟು ದಿನ ಇದನ್ನೇ ಹಾಕ್ಕೋಬೇಕು ಅಂತ ತೊಳೆದೆ. ಶನಿವಾರ ಫೋನ್ ಬಂತು, ನಾಳೆ ಶೂಟಿಂಗ್ ಅಂತ. ಮಡಿಕೆ ಬಿಚ್ಚಿ ನೋಡ್ತೀನಿ, ಕಲೆನೇ ಇಲ್ಲ! ಹಿಂದಿನ ಸೀನಲ್ಲಿ ಬಾಗಿಲೊಳಗೆ ಕಲೆ ಇಟ್ಕೊಂಡು ಹೋಗಿದ್ದಾನೆ, ಮುಂದಿನ ಸೀನಲ್ಲಿ ಬೀದಿಗೆ ಮಡಿ ಅಂಗೀಲಿ ಬರ್ತಾನಾ?"

ಬಾಯಿ ಬಿಡಲಿಲ್ಲ. ಅವತ್ತಿನ ಫೋಟೋವನ್ನು ಫೋನಿನಲ್ಲಿ ದೊಡ್ಡದು ಮಾಡಿ ಮುಂದೆ ಇಟ್ಟುಕೊಂಡರು. ಅದೇ ಬಣ್ಣದ ಚಿಂದಿಗಳ ಮೇಲೆ ಚಹಾ ಬಿಟ್ಟು ನೋಡಿದರು. ಹಾಲು ಹೆಚ್ಚಾದರೆ ಅಂಚು ಸಿಗುವುದಿಲ್ಲ, ಕಡಿಮೆಯಾದರೆ ತುಕ್ಕಿನ ಹಾಗೆ ಕಾಣುತ್ತದೆ. ಬಿಸಿಲಿನಲ್ಲಿ ಒಣಗಿಸಿದರೆ ಒಂದು ಬಣ್ಣ, ಫ್ಯಾನಿನ ಕೆಳಗೆ ಇನ್ನೊಂದು. ಹನ್ನೊಂದು ಚಿಂದಿ ಹಾಳು ಮಾಡಿ, ಹನ್ನೆರಡನೆಯ ಸಲ ಅಂಗಿಗೇ ಕೈ ಹಾಕಿದರು. ಕೆಳಗಡೆ ಮೂಗಿನಂತೆ ಚಾಚಿದ ಒಂದು ಚೂಪು ತುದಿ ಇತ್ತು, ಅದನ್ನು ಬಡ್ಸ್ ಕಡ್ಡಿಯಿಂದ ಎಳೆದರು. ಭಾನುವಾರ ಶೂಟಿಂಗ್ ನಡೆಯಿತು. ಯಾರೂ ಏನೂ ಅನ್ನಲಿಲ್ಲ.

ಆ ಹನ್ನೊಂದು ಚಿಂದಿ ಇವತ್ತಿಗೂ ಅಂಗಡಿಯ ಬಿಸ್ಕತ್ ಡಬ್ಬಿಯಲ್ಲಿವೆ. "ಡೈರೆಕ್ಟರಿಗೆ ಇನ್ನೂ ಗೊತ್ತಿಲ್ಲ. ಬರ್ಕೋ, ಪರ್ವಾಗಿಲ್ಲ. ಪೇಪರ್‌ನಲ್ಲೇ ಓದಿ ತಲೆ ಮೇಲೆ ಕೈ ಇಟ್ಕೊಳ್ಳಲಿ. ಒಂದೇ ಭಯ ನಂಗೆ. ಎಡಿಟಿಂಗ್ ರೂಮ್‌ನಲ್ಲಿ ನೋಡಿದಾಗ ಪರದೆ ಊಟದ ತಟ್ಟೆಯಷ್ಟಿತ್ತು. ಥಿಯೇಟರಲ್ಲಿ ಆ ಜೇಬು ಬಾಗಿಲಿನಷ್ಟು ದೊಡ್ಡದಾಗಿ ಕಾಣುತ್ತೆ. ಇಂಟರ್ವಲ್‌ಗೆ ಮೊದಲು ಇರೋದು ಚೆಲ್ಲಿದ್ದು, ಆಮೇಲಿಂದು ನಾನು ಮಾಡಿದ್ದು. ಹೊಂದುತ್ತಾ ಇಲ್ವಾ ಒಂದ್ಸಲ ನೋಡ್ಬೇಕು. ಅಷ್ಟೇ ಆಸೆ."

ಆ ಒಂದು ಸಲವೂ ಇವರಿಗೆ ಸಿಕ್ಕಿಲ್ಲ. ಸಿನಿಮಾ ನಾಲ್ಕು ಚಿತ್ರೋತ್ಸವಗಳಿಗೆ ಹೋಯಿತು, ಪ್ರತಿ ಕಡೆಯೂ ತಂಡಕ್ಕೆ ಒಂದೇ ಪಾಸ್. ಇಂಥ ಸಿನಿಮಾಗಳು ಬರಬೇಕು ಎಂದು ಭಾಷಣ ಮಾಡಿದವರಿಗೆ ಲೆಕ್ಕವಿಲ್ಲ. ಬಂದಿದೆಯಲ್ಲ, ಬೆಳಿಗ್ಗೆ ಏಳೂ ಕಾಲಿಗೆ, ಹಿಂದುಗಡೆಯ ಹಾಲಿಗೆ! ಅವರೆಲ್ಲ ಎಲ್ಲಿದ್ದರು? ಹೋದ ವಾರ ಟೈಲರಕ್ಕ ಏಣಿ ಹತ್ತಿ ಅಂಟಿಸುತ್ತಿದ್ದುದನ್ನು ಯಾರೋ ದಾರಿಹೋಕರು ವಿಡಿಯೊ ಮಾಡಿ, ಅಳುವ ಸಂಗೀತ ಹಾಕಿ ಬಿಟ್ಟರು. ಒಂದು ಲಕ್ಷ ಜನ ನೋಡಿದರು. ಕೆಳಗೆ ಸಾಲು ಸಾಲು ಅಯ್ಯೋ ಪಾಪ. ಟೈಲರಕ್ಕ ಕೈಯಲ್ಲಿ ಹಿಡಿದಿದ್ದ ಪೋಸ್ಟರಿನ ಮೇಲೆ ಸಿನಿಮಾದ ಹೆಸರು, ಥಿಯೇಟರು, ತಾರೀಕು ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಲಕ್ಷ ಜನ ಅಯ್ಯೋ ಪಾಪ ಅಂದರು, ಐದು ಜನ ಟಿಕೆಟ್ ತೆಗೆದುಕೊಳ್ಳಲಿಲ್ಲ.

ಫೋನ್ ಬಂದ ಮೇಲೂ ಟೈಲರಕ್ಕ ಐವತ್ತೊಂಬತ್ತನೆಯ ಪಟ್ಟಿಯನ್ನು ಅರ್ಧಕ್ಕೆ ಬಿಡುವುದಿಲ್ಲ. ಗಾಳಿ ಬಿಡಿಸಿ, ಅಂಚು ಒತ್ತಿ, ಇಳಿದು, ಸೀದಾ ಥಿಯೇಟರಿನ ಗೇಟಿಗೆ ಬಂದು ಬಕೆಟ್ ಕಾಲಬಳಿ ಇಟ್ಟುಕೊಂಡು ನಿಲ್ಲುತ್ತಾರೆ. ಯಜಮಾನರು ಏಣಿಯನ್ನು ವ್ಯಾನಿನ ಮೇಲೆ ಕಟ್ಟಿಕೊಂಡೇ ಶಾಲೆಯ ಮಕ್ಕಳನ್ನು ಕರೆತರಲು ಹೋಗುತ್ತಾರೆ. ಶೋ ಇಲ್ಲವೆನಿಸಿಕೊಂಡ ನಾಲ್ವರಲ್ಲಿ ಒಬ್ಬ ನರ್ಸ್ ಮಾತ್ರ ಮೆಟ್ಟಿಲ ಮೇಲೆ ಕೂತಿದ್ದಾರೆ, ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರ ಬಂದವರು. "ಮನೆಗೆ ಹೋಗಿದ್ರೆ ಮಲ್ಕೊಂಡಿರ್ತಿದ್ದೆ. ಇಪ್ಪತ್ತೈದು ನಿಮಿಷ ನಿಲ್ಸಿ, ದುಡ್ಡು ವಾಪಸ್ ಕೊಟ್ಟು, ಸಾರಿ ಅಂದ್ರು," ಅನ್ನುತ್ತಾರೆ.

ನಿಜವಾದ ಅನ್ಯಾಯ ಒಂಬತ್ತೂ ಮುಕ್ಕಾಲಿಗೆ ನಡೆಯುತ್ತದೆ. ಹೊಸ ಪಟ್ಟಿ ಇನ್ನೂ ತಲುಪದ ಗೋಡೆಗಳನ್ನು ನೋಡಿದವರು ಒಬ್ಬೊಬ್ಬರಾಗಿ ಬರುತ್ತಾರೆ. ಲಿಫ್ಟಿನ ಸಿನಿಮಾ ಯಾವ ಹಾಲ್ ಎಂದು ಕೇಳುತ್ತಾರೆ. ಟೈಲರಕ್ಕ ಗಂಜಿ ಬೆರಳು ಮಡಿಚುತ್ತಾ ಎಣಿಸುತ್ತಾರೆ. ಹದಿನೇಳು ಜನ! ಹದಿನೇಳು ಜನರಿಗೂ ಕೌಂಟರಿನಲ್ಲಿ ಹೇಳುವ ಮಾತು ಒಂದೇ: ಆ ಸಿನಿಮಾ ಇಲ್ಲ, ಇದಕ್ಕೆ ಸೀಟ್ ಇದೆ, ಕೊಡ್ಲಾ? ಆರು ಜನ ದೊಡ್ಡ ಸಿನಿಮಾದ ಟಿಕೆಟ್ ತೆಗೆದುಕೊಂಡು ಒಳಗೆ ಹೋಗುತ್ತಾರೆ, ಹನ್ನೊಂದು ಜನ ಮನೆಗೆ. ಸಂಜೆ ಲೆಕ್ಕ ಬರೆಯುವಾಗ ಇವರೆಲ್ಲ ಎಲ್ಲಿ ಸೇರುತ್ತಾರೆ ಗೊತ್ತೇ? ಸಣ್ಣ ಸಿನಿಮಾಕ್ಕೆ ಜನ ಬರುವುದಿಲ್ಲ ಎಂಬ ಸಾಲಿನಲ್ಲಿ.

ಥಿಯೇಟರಿನ ಮ್ಯಾನೇಜರ್ ಕೆಟ್ಟವರೇನಲ್ಲ, ಕೋಣೆಗೆ ಹೋದರೆ ಕುರ್ಚಿಯನ್ನೂ ಕೊಡುತ್ತಾರೆ. ಟೈಲರಕ್ಕ ಕೂರುವುದಿಲ್ಲ.

"ಐದು ಆಗ್ಲಿಲ್ಲ ಅಂದ್ರೆ ಶೋ ಹಾಕೋ ಹಾಗಿಲ್ಲಮ್ಮ. ಮೇಲಿಂದ ಬಂದಿರೋ ರೂಲು, ನನ್ನ ಕೈಲಿಲ್ಲ."

"ಟೈಮ್ ಬದಲಾಯ್ಸೋದು ಯಾರ ಕೈಲಿತ್ತು?"

"ಅದೂ ಮೇಲಿಂದಾನೇ."

"ಮೇಲೆ ಮೇಲೆ ಅಂತೀರಲ್ಲ, ಬೆಳಿಗ್ಗೆಯಿಂದ ಏಣಿ ಮೇಲೆ ಇದ್ದಿದ್ದು ನಾನು. ನಂಗ್ಯಾರೂ ಕಾಣಿಸ್ಲಿಲ್ಲ."

ಮ್ಯಾನೇಜರಿಗೆ ನಗು ಬರುತ್ತದೆ, ತಡೆದುಕೊಳ್ಳುತ್ತಾರೆ. "ನಾಳೆ ಒಂದಿನ ಇಟ್ಟಿರ್ತೀನಿ. ಏಳೂ ಕಾಲು. ನಾಳೆನೂ ಐದು ಆಗ್ಲಿಲ್ಲ ಅಂದ್ರೆ ತೆಗೀಲೇಬೇಕಾಗುತ್ತೆ." ಮತ್ತೆ ಕೇಳುತ್ತಾರೆ: "ಅಲ್ಲಮ್ಮ, ಎದುರಿಗೇ ಇದ್ರಲ್ಲ. ನೀವೇ ಒಂದು ಟಿಕೆಟ್ ತಗೊಂಡಿದ್ರೆ ಶೋ ಆಗ್ತಿತ್ತಲ್ವಾ?"

ಟೈಲರಕ್ಕ ಒಣಗಿದ ಗಂಜಿಯನ್ನು ಉಗುರಿನಿಂದ ಕೆರೆಯುತ್ತಾರೆ. "ಪಟ್ಟಿ ಮುಗಿದಿರ್ಲಿಲ್ಲ," ಅನ್ನುತ್ತಾರೆ. ಆಮೇಲೆ ಮೆಲ್ಲಗೆ, "ನಾನು ನೋಡೋಕೆ ಬಂದೋಳು ಅಂತ ನಂಗೆ ಅನ್ಸೇ ಇಲ್ಲ. ಕೆಲ್ಸಕ್ಕೆ ಬಂದೋಳು ಅಂತಾನೇ ಇದ್ದೆ."

ಹೊರಗೆ ಬಂದು ಸೆರಗಿನ ತುದಿಯಿಂದ ಕೈ ಒರೆಸಿಕೊಂಡು ಕೌಂಟರಿಗೆ ಹೋಗುತ್ತಾರೆ. "ನಾಳೆ ಬೆಳಗಿಂದು. ಒಂದು." ಕೌಂಟರಿನ ಹುಡುಗಿ ಯಾವ ಸೀಟ್ ಎಂದು ಪರದೆ ತಿರುಗಿಸಿದರೆ ಇಡೀ ಹಾಲ್ ಖಾಲಿ. ಟೈಲರಕ್ಕ ಬಹಳ ಹೊತ್ತು ನೋಡಿ, ಸರಿಯಾಗಿ ನಡುವಿನದನ್ನು ತೋರಿಸುತ್ತಾರೆ. ಇಷ್ಟು ಹೊತ್ತೂ ಅಲ್ಲೇ ತೂಕಡಿಸುತ್ತಿದ್ದ ನರ್ಸ್ ಮೆಟ್ಟಿಲಿನಿಂದ ಎದ್ದು ಬಂದು ಪಕ್ಕದ್ದನ್ನು ಕೇಳುತ್ತಾರೆ. "ನಾಳೆ ಬಾಗಿಲು ತೆಗೀಲಿಲ್ಲ ಅಂದ್ರೆ ನಾನು ಇಲ್ಲೇ ಮಲ್ಕೊಂಡ್ಬಿಡ್ತೀನಿ, ಹೇಳಿರ್ತೀನಿ."

"ನಮ್ಮನೆಯವ್ರನ್ನೂ ಎಳ್ಕೊಂಡು ಬರ್ತೀನಿ. ಮಂಚ ನೋಡ್ಲಿ," ಎಂದು ಟೈಲರಕ್ಕ ಟಿಕೆಟ್ಟನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಸೇರಿಸುತ್ತಾರೆ. ಇನ್ನೂ ನೂರ ಇಪ್ಪತ್ತೊಂದು ಪಟ್ಟಿ ಬಾಕಿ ಇವೆ. ಸಂಜೆಯೊಳಗೆ ಮುಗಿಸಬೇಕು. ಬಕೆಟ್ ಎತ್ತಿಕೊಂಡವರು ನಾಲ್ಕು ಹೆಜ್ಜೆ ಹೋಗಿ ತಿರುಗುತ್ತಾರೆ.

"ನೀನೂ ಬಾಮ್ಮ. ಬರ್ದಿದ್ದು ಸಾಕು, ಬಂದು ನೋಡು. ಏಳಕ್ಕೆ ಸರಿಯಾಗಿ ಈ ಗೇಟಿನ ಹತ್ರ ನಿಂತಿರ್ತೀನಿ. ಬಕೆಟ್ ಹುಡುಕ್ಬೇಡ, ನಾಳೆ ಅದನ್ನ ಮನೇಲಿಟ್ಟು ಬರ್ತೀನಿ."